ದಾಳ ಮುಚ್ಚಿದ ಅಂಗೈ

ಈರಪ್ಪನ ಸೀರೆ ಅಂಗಡಿಯ ಮೆಟ್ಟಿಲ ಮೇಲೆ ತುಳಸೀಬಾಯಿ ಗಕ್ಕನೆ ನಿಂತಳು. ಮಾಳಿಗೆಯ ಕೋಣೆಯಿಂದ ಗಂಡಸಿನ ದನಿಯೊಂದು ಬಲು ಶಾಂತವಾಗಿ ಹೇಳುತ್ತಿತ್ತು:

“ಈರಪ್ಪಾ, ನೀ ಸತ್ತಿ. ಚಾ ಕುಡಿ, ಆರ್ತದ.”

ಅದು ೧೯೮೬ರ ಇಳಕಲ್ಲು, ರವಿವಾರದ ಮಧ್ಯಾಹ್ನ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ತುಳಸೀಬಾಯಿ ಅಲ್ಲಿ ಕೊಂಡಿದ್ದ ಸೀರೆಯನ್ನು ಬದಲಿಸಿಕೊಳ್ಳಲು ಬಂದಿದ್ದಳು. ಕೆಳಗೆ ಯಾರೂ ಇರಲಿಲ್ಲ. ಹೆದರಿಕೆಗಿಂತ ಕುತೂಹಲ ದೊಡ್ಡದಾಯಿತು, ಹತ್ತಿಯೇ ಬಿಟ್ಟಳು.

ಚಾಪೆಯ ಮೇಲೆ ಈರಪ್ಪ, ಅವಳ ಶಾಲೆಯ ಹಿಂದಿ ಟೀಚರ್ ಜೋಹರಾ, ಮತ್ತು ಕನ್ನಡಕದ ಒಬ್ಬ ತರುಣ. ಅವನ ಮುಂದೆ ಎರಡು ದಾಳ.

“ಯಾರು ಸತ್ತಾರ್ರಿ?”

“ನಾನ್ರಿ ಟೀಚರ್ರ,” ಈರಪ್ಪ ಬಸಿಯಲ್ಲಿದ್ದ ಚಹಾ ಹೀರಿದ. “ಬಾದಾಮಿ ಕ್ವಾಟಿ ಗ್ವಾಡಿ ಹತ್ತಾಕ ಹೋಗಿ ಬಿದ್ದೆ.”

ತರುಣನ ಹೆಸರು ಪಂಢರೀನಾಥ, ಬ್ಯಾಂಕಿಗೆ ಹೊಸದಾಗಿ ಬಂದವನು. ಈ ಆಟವನ್ನು ಪುಣೆಯ ಹಾಸ್ಟೆಲಿನಲ್ಲಿ ಕಲಿತಿದ್ದ. ಆಡುವವರು ಕಥೆಯಲ್ಲಿ ಒಂದೊಂದು ಪಾತ್ರವಾಗುತ್ತಾರೆ. ಎದುರಿಗೆ ಏನಿದೆ ಎಂದು ಕಥೆ ನಡೆಸುವ ಅವನು ಹೇಳುತ್ತಾನೆ, ತಾವೇನು ಮಾಡುತ್ತೇವೆಂದು ಅವರು ಹೇಳುತ್ತಾರೆ. ಆಯಿತೋ ಇಲ್ಲವೋ ಎಂಬುದು ದಾಳಕ್ಕೆ ಬಿಟ್ಟದ್ದು.

“ಅಂದ್ರ ನಾಟಕೇನ್ರಿ?”

“ನಾಟಕದಾಗ ಮಾತು ಮೊದಲ ಬರದಿಟ್ಟಿರ್ತಾರ್ರಿ. ಇಲ್ಲಿ ಮುಂದೇನಾಗ್ತದ ಅಂತ ನನಗೂ ಗೊತ್ತಿಲ್ಲ.”

ಗೊತ್ತಿಲ್ಲ ಎಂಬುದನ್ನು ಇಷ್ಟು ಖುಷಿಯಿಂದ ಹೇಳುವ ಗಂಡಸನ್ನು ಅವಳು ನೋಡಿರಲಿಲ್ಲ.

ಮುಂದಿನ ರವಿವಾರದಿಂದ ಅವಳೂ ಬಂದಳು. ಬಾದಾಮಿ ಕೋಟೆಯಿಂದ ಪಟ್ಟದಕಲ್ಲಿಗೆ ಸುದ್ದಿ ಒಯ್ಯುವ ದೂತಿಯಾದಳು. ಅವಳ ಪ್ರಶ್ನೆಗಳಿಗೆ ಕೊನೆಯಿರಲಿಲ್ಲ. ಗಾಳಿ ಯಾವ ಕಡೆಗೆ ಬೀಸುತ್ತಿದೆ? ಕಾವಲುಗಾರನಿಗೆ ಮದುವೆಯಾಗಿದೆಯೇ? ಪಂಢರೀನಾಥ ಝೆರಾಕ್ಸ್ ಮಾಡಿಸಿದ ನಿಯಮದ ಪುಸ್ತಕವನ್ನು ತಿರುವಿ ಹಾಕಿ ಸೋಲುತ್ತಿದ್ದ.

“ಇದರಾಗ ಇಲ್ರಿ. ನೀವ ಹೇಳ್ರಿ.”

ಆಗ ಕನ್ನಡಕ ತೆಗೆದು, ಅಂಗಿಯ ಚುಂಗಿನಿಂದ ಒರೆಸುತ್ತ, ಬರಿಗಣ್ಣಿನಿಂದ ಅವಳನ್ನೇ ನೋಡುತ್ತ ಕೇಳಿಸಿಕೊಳ್ಳುತ್ತಿದ್ದ. ಆ ನೋಟಕ್ಕೆಂದೇ ಪ್ರಶ್ನೆ ಹುಡುಕುತ್ತಿದ್ದೇನೆ ಎಂದು ಅವಳಿಗೆ ಹೊಳೆದದ್ದು ಸ್ವಲ್ಪ ತಡವಾಗಿ.

ಒಂದು ರವಿವಾರ ದೂತಿ ಕೆರೆಯ ಮೇಲಿನ ಬಂಡೆಯಿಂದ ಬಂಡೆಗೆ ಜಿಗಿಯಬೇಕಾಯಿತು. ಐದಕ್ಕಿಂತ ಕಡಿಮೆ ಬಿದ್ದರೆ ಮುಗಿಯಿತು. ತುಳಸೀಬಾಯಿ ಎಸೆದ ದಾಳಗಳು ಉರುಳಿ ಅವನ ಬಳಿ ಹೋದವು. ಅವನು ತಟ್ಟನೆ ಅಂಗೈ ಮುಚ್ಚಿದ.

“ಒಂಬತ್ತು. ದಾಟಿದ್ರಿ.”

ಜೋಹರಾ ಚಪ್ಪಾಳೆ ತಟ್ಟಿದಳು. ತುಳಸೀಬಾಯಿ ಎದ್ದು ನಿಂತಳು.

“ಮೂರು ಬಿದ್ದಿತ್ತು. ನಾ ನೋಡೀನಿ.”

“ನನ್ನ ಅಷ್ಟ ಕೊಂದ್ಯಲ್ಲೋ!” ಈರಪ್ಪ ಕೂಗಿದ.

ಪಂಢರೀನಾಥನ ಕಿವಿಗಳು ಕೆಂಪಾದವು. ಅವಳು ಬಿಡಲಿಲ್ಲ. “ಹೆಣ್ಮಗಳು, ಸೋತ್ರ ಅಳ್ತಾಳ ಅಂತ ಬಿಟ್ರೇನು? ಬೀಳೂದಿಲ್ಲ ಅಂತ ಗೊತ್ತಿದ್ರ ನಾ ಜಿಗದದ್ದಕ್ಕ ಏನರ್ಥ?”

ಉತ್ತರಕ್ಕೆ ಕಾಯದೆ ಇಳಿದು ಹೋದಳು.

ವಾರವೆಲ್ಲ ಸಿಟ್ಟು. ಸಿಟ್ಟಿನ ಅಡಿಯಲ್ಲಿ ಮತ್ತೊಂದು ಪ್ರಶ್ನೆ ಮಿಸುಕುತ್ತಿತ್ತು. ಗೆಳೆಯನನ್ನು ಚಹಾ ಕುಡಿಯಲು ಹೇಳಿ ಕೊಂದ ಮನುಷ್ಯನಿಗೆ ತನ್ನ ವಿಷಯದಲ್ಲಿ ಮಾತ್ರ ಏನಾಯಿತು?

ರವಿವಾರ ಬಂದು ಅವನ ಜಾಗದಲ್ಲಿ ಕುಳಿತಳು. “ಇವತ್ತ ಕಥಿ ನಾ ನಡಸ್ತೇನಿ. ನೀವು ಆಡ್ರಿ.”

ಅವನು ದೂತಿಯನ್ನು ಹುಡುಕಿಕೊಂಡು ಹೊರಟ ಕಾವಲುಗಾರನಾದ. ಅದೇ ಬಂಡೆ, ಅದೇ ಜಿಗಿತ. ದಾಳ ಎಸೆದ.

ನಾಲ್ಕು.

ತುಳಸೀಬಾಯಿಯ ಕೈ ತಾನಾಗಿಯೇ ದಾಳದ ಮೇಲೆ ಹೋಯಿತು. ನಡುವೆ ತಡೆದಳು. ಅವನನ್ನು ಸಾಯಿಸಿ, ಮೂಲೆಯಲ್ಲಿ ಸುಮ್ಮನೆ ಕೂರಿಸಿ ಈ ಕಥೆ ಹೇಳುವುದು ಅವಳಿಂದ ಆಗದ ಮಾತು. ಸುಳ್ಳು ಹೇಳುವುದೂ ಅಷ್ಟೇ.

“ನಾಲ್ಕು,” ಎಂದಳು ಗಟ್ಟಿಯಾಗಿ. “ಬಿದ್ರಿ.”

ಅವನು ತಲೆ ತಗ್ಗಿಸಿದ.

“ಕೆರಿಯಾಗ ಬಿದ್ರಿ. ಕಾಲು ಮುರದದ, ಕತ್ತಿ ಮುಳುಗಿ ಹೋತು. ದಂಡಿ ಮ್ಯಾಲ ವೈರಿಗಳ ಪಂಜು ಕಾಣಲಿಕತ್ತಾವ. ಈಗ ಏನ್ಮಾಡ್ತೀರಿ?”

“ಹಿಂಗೂ ಬೀಳಬೌದೇನು?” ಈರಪ್ಪ ಬಾಯಿ ತೆರೆದ. “ನಾ ಸುಮ್ನ ಸತ್ನೆಲ್ಲಪ್ಪಾ!”

ಪಂಢರೀನಾಥ ಅವಳನ್ನೇ ನೋಡುತ್ತಿದ್ದ. “ಕೂಗಿ ಕರೀತೇನಿ.”

“ಯಾರನ್ನ?”

“ಹ್ವಾದ ವಾರ ಇಲ್ಲೇ ಬಿದ್ದ ದೂತಿನ್ನ. ಆಕಿನೂ ನೀರಾಗ ಬಿದ್ದಿರಬೇಕಲ್ರಿ?”

ಅವಳಿಗೆ ನಗು ತಡೆಯಲಾಗಲಿಲ್ಲ. “ಆಕಿ ನಿಮ್ಮ ಕೂಗಿಗೆ ಯಾಕ ಬರಬೇಕು?”

“ದಾಳ ಒಗೀಲೇನ್ರಿ?”

“ಬ್ಯಾಡ. ಅದು ದಾಳಕ್ಕ ಬಿಡೂ ಮಾತಲ್ಲ.”

ಜೋಹರಾ ಈರಪ್ಪನ ತೋಳು ಜಗ್ಗಿದಳು. “ಅಣ್ಣಾ, ಕೆಳಗ ಗಿರಾಕಿ ಬಂದಂಗ ಆತು.”

“ಯಾರೂ ಬಂದಿಲ್ಲವಾ...”

“ಬಂದಾರ. ನಡಿ.”

ಕೋಣೆಯಲ್ಲಿ ಇಬ್ಬರೇ ಉಳಿದರು. ತುಳಸೀಬಾಯಿ ಮೆಲ್ಲಗೆ ಕೇಳಿದಳು, “ಅವತ್ತ ಯಾಕ ಕೈ ಮುಚ್ಚಿದ್ರಿ?”

“ದೂತಿ ಸತ್ರ ಮುಂದಿನ ರವಿವಾರ ನೀವು ಬರೂದಿಲ್ಲ ಅಂತ ಅಂಜಿದೆ. ತಪ್ಪಾತ್ರಿ.”

“ತಪ್ಪ. ಸುಳ್ಳು ಹೇಳಿ ನಿಲ್ಲಿಸ್ಕೋಬಾರದು. ಕೇಳಬೇಕು.”

ಅವನು ಉಸಿರು ಎಳೆದುಕೊಂಡ. “ಹಂಗಾದ್ರ ಕೇಳ್ತೇನಿ. ನಮ್ಮವ್ವನ್ನ ನಿಮ್ಮ ಮನಿಗೆ ಕಳಸ್ಲೇನ್ರಿ?”

ಕೆಳಗಿನ ಓಣಿಯಲ್ಲಿ ಮಗ್ಗವೊಂದು ಸದ್ದು ಮಾಡುತ್ತಿತ್ತು. ಅವಳು ಸೆರಗಿನ ಕೆಂಪು ಅಂಚನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು.

“ಕಳಸ್ರಿ. ಅಪ್ಪಗ ನಾ ಇವತ್ತ ಹೇಳ್ತೇನಿ.”

ಸಂಜೆ ಬಜಾರಿನಲ್ಲಿ ಅವಳು ಮನೆಯ ಕಡೆ ಹೊರಟಾಗ ಅವನೂ ಹೊರಟ, ನೋಡುವವರಿಗೆ ಹೆದರಿ ನಾಲ್ಕು ಮಾರು ಹಿಂದೆ. ಅಂಗಡಿ ಕಟ್ಟೆಯ ಮೇಲಿನವರು ಮಾತು ನಿಲ್ಲಿಸಿ ನೋಡಿದರು. ತುಳಸೀಬಾಯಿ ನಿಂತು ತಿರುಗಿದಳು.

“ಹಿಂದ ಯಾಕ ಬರ್ತೀರಿ? ಜೋಡಿ ನಡೀರಿ.”