ಕಪ್‌ಗಿಂತ ಒಂದು ಕಾರ್ಡ್ ಹೆಚ್ಚು

"ಕಾರ್ಡ್... ನನಗಾ?!"

ವೃಷಾಲಿ ಹಳದಿ ಕಾರ್ಡನ್ನು ಎತ್ತಿ ಹಿಡಿದಿದ್ದಳು. ಕೊಲ್ಹಾಪುರದ ಫುಟ್‌ಬಾಲ್ ಲೀಗಿನಲ್ಲಿ ರೆಫರಿಯಾಗಿ ಅವಳಿಗದು ಮೊದಲ ಪಂದ್ಯ. ಎದುರಿಗಿದ್ದವನು ಝುಂಜಾರ ತಾಲೀಮು ಎಂಬ ಪೇಟೆ ತಂಡದ ನಾಯಕ ಯಶೋಧನ.

"ನನ್ನನ್ನು ಕೇಳದೆ ಗೆರೆ ದಾಟಿ ಜನರ ಹತ್ತಿರ ಹೋದಿರಿ. ನಿಯಮ ಅಂದ್ರೆ ನಿಯಮ."

"ಸರಿ ಮ್ಯಾಡಮ್," ಎಂದು ನಸುನಕ್ಕು ಅವನು ಹಿಂದಿರುಗಿದ.

ಎಷ್ಟು ಸೊಕ್ಕು! ಎಂದುಕೊಂಡಳು. ಆದರೂ ಆ ನಗೆ, ಬೆಳಗಿನ ಮಂಜಿನಂತೆ, ಅವಳ ಕನಸುಗಳೊಳಕ್ಕೆ ಸದ್ದಿಲ್ಲದೆ ಇಳಿಯತೊಡಗಿತು...

ಲೀಗ್ ಮುಗಿದಾಗ ಅಗ್ರಸ್ಥಾನದಲ್ಲಿ ಎರಡು ತಾಲೀಮುಗಳು. ಅಂಕ ಸಮ, ಗೋಲುಗಳ ಅಂತರ ಸಮ, ಪರಸ್ಪರ ಆಡಿದ ಪಂದ್ಯವೂ ಸಮ. ಉಳಿದ ನಿಯಮ ಒಂದೇ: ಕಾರ್ಡ್ ಕಡಿಮೆ ಇದ್ದವರಿಗೆ ಕಪ್. ಝುಂಜಾರಕ್ಕೆ ಒಂದು ಹೆಚ್ಚಾಗಿತ್ತು!

"ಅವನು ಗೆರೆ ದಾಟಿದ್ದು ಯಾಕೆ ಗೊತ್ತೇನು ಮಗಳೇ?" ಆ ದಿನ ಗೆರೆಯಂಚಿನಲ್ಲಿ ಬಾವುಟ ಹಿಡಿದಿದ್ದ ಮಾನೆ ಕಾಕಾ ಕೇಳಿದರು. "'ಸೀಟಿ ಬಿಸಾಕು, ಹೋಗಿ ಭಾಕರಿ ತಟ್ಟು' ಅಂತ ಪೋರರು ನಿನ್ನ ಮೇಲೆ ಕೂಗ್ತಿದ್ರು. ಅವರ ಬಾಯಿ ಮುಚ್ಚಿಸೋಕೆ!"

"ಅವತ್ತೇ ಯಾಕೆ ಹೇಳಲಿಲ್ಲ ಕಾಕಾ?"

"ಬೇಡ ಅಂತ ಅವನೇ ಕೈ ಮುಗಿದ."

ಸಂಜೆ ರಂಕಾಳ ಕೆರೆ ಕೇಸರಿ ಬೆರೆತ ಹಾಲಿನಂತೆ ನಿಶ್ಚಲವಾಗಿತ್ತು. ಏರಿಯ ಮೇಲೆ ಅವನು ಒಬ್ಬನೇ ಕುಳಿತಿದ್ದ.

"ನಾಳೆ ಲೀಗ್ ಸಮಿತಿ ಸೇರುತ್ತೆ," ಎಂದಳು ವೃಷಾಲಿ. "ಆ ಕಾರ್ಡ್ ನನ್ನ ತಪ್ಪು ಅಂತ ಬರೆದುಕೊಡ್ತೀನಿ. ಕಾರ್ಡೂ ಸಮ ಆದ್ರೆ ಕಪ್ ನಿಮಗೂ ಸಿಗಬಹುದು."

"ತಪ್ಪಾಗಿತ್ತಾ?"

ಸುಳ್ಳಾಡಲು ನಾಲಿಗೆ ಏಳಲಿಲ್ಲ. "...ಇಲ್ಲ."

"ಮತ್ತೆ? 'ಈಕೆ ಯಾರಿಗೂ ಬಗ್ಗೋಳಲ್ಲ, ನೋಡ್ತಿರ್ರೋ' ಅಂತ ಆ ಹುಡುಗರಿಗೆ ಹೇಳಿದೆ. ತಿರುಗಿ ನೋಡಿದ್ರೆ ಕಾರ್ಡ್ ನನಗೇ! ನಗು ತಡೆಯೋಕಾಗಲಿಲ್ಲ. ಈಗ ನನಗೋಸ್ಕರ ಬಗ್ಗಿದ್ರೆ ಗೆಲ್ಲೋದು ಆ ಹುಡುಗರೇ."

ಅವಳ ಕಣ್ಣು ತುಂಬಿ ಬಂತು. ಸೊಕ್ಕೆಂದು ತಾನು ಬಗೆದದ್ದು ಹೆಮ್ಮೆಯಾಗಿತ್ತೇ! ಅದೂ ತನ್ನ ಬಗ್ಗೆ!

"ಬರೆದುಕೊಡಲ್ಲ," ಎಂದಳು ಮೆಲ್ಲನೆ. "ಆದ್ರೆ ನಿಮ್ಮ ಪೇಟೆಯವರು...?"

"ಪೇಟೆ ಇರಲಿ, ನನ್ನ ಹೆತ್ತ ಆಯಿನೇ ಮುನಿಸಿಕೊಂಡಿದ್ದಾಳೆ. ಮಟನ್ ಬಡಿಸ್ತಾಳೆ, ಅದರ ಕೆಂಪು ಸಾರು ರಸ್ಸಾ ಮಾತ್ರ ಹಾಕಲ್ಲ!"

ವೃಷಾಲಿ ಅಳುವಿನ ನಡುವೆಯೇ ನಕ್ಕಳು. "ಭಾನುವಾರ ನಮ್ಮನೇಲಿ ಮಾಡ್ತಾರೆ. ಬರ್ತೀರಾ?"

"ಬಾಗಿಲಲ್ಲಿ ನಿಮ್ಮಪ್ಪ 'ಯಾರು ನೀನು' ಅಂತ ಕೇಳಿದ್ರೆ?"

ಅವಳು ನೀರಿನತ್ತ ಮುಖ ತಿರುಗಿಸಿದಳು. ಕೆನ್ನೆಯ ಕೆಂಪು ಮಾತ್ರ ಅಡಗಲಿಲ್ಲ.

"ನನ್ನವನು ಅಂತ ನಾನೇ ಹೇಳ್ತೀನಿ. ನೀನು ಬಾ, ಸಾಕು."