ಪಟ್ಟಿಯ ತುಂಬ ಗಾಜು

"ಅಜ್ಜಾ, ಮಧ್ಯಾಹ್ನದ ಮೀಟಿಂಗ್‌ನಲ್ಲಿ ನನ್ನ ಎರಡು ವರ್ಷದ ಕೆಲಸ ಕಸದ ಬುಟ್ಟಿಗೆ ಹೋಗುತ್ತೆ!" ಎನ್ನುತ್ತಾ ಪ್ರೋಗ್ರಾಮರ್ ಹುಡುಗಿ ಚುರುಕಿ ನನ್ನ ಸ್ಟೂಲಿನ ಮುಂದೆ ಬಂದು ನಿಂತಳು.

ಪಾರ್ಸಲ್ ವಿಂಗಡಿಸುವ ಪ್ರೋಗ್ರಾಂ ಬರೆಯುವ ಆ ಕಚೇರಿಯ ಬಾಗಿಲು ಕಾಯುತ್ತಿದ್ದವನು ನಾನು. ಓದಿದ್ದು ಮೂರನೇ ಕ್ಲಾಸು, ಕಂಡದ್ದನ್ನು ಮಾತ್ರ ಮರೆಯುವವನಲ್ಲ. ಅವಳನ್ನು ನೇರ ಮೇಲಿನ ಮಹಡಿಗೆ ಕರೆದೊಯ್ದೆ. ಅಲ್ಲಿ ವಾಸವಿದ್ದ ಕನ್ನಡಕದಮ್ಮ ನಿವೃತ್ತ ಪ್ರೋಗ್ರಾಮರ್. ಕಚೇರಿಯಲ್ಲಿ ಏನು ಗಂಟು ಬಿದ್ದರೂ ಬಿಡಿಸುತ್ತಿದ್ದವರು ಅವರೇ.

"ನಿನ್ನೆ ನನ್ನದೇ ವೇಗವಾಗಿತ್ತಮ್ಮಾ. ಇವತ್ತು ಮ್ಯಾನೇಜರ್ ಎದುರು ನಮ್ಮ ಸೀನಿಯರ್ ಹಿರಿಯಣ್ಣನ ಹಳೇ ಪ್ರೋಗ್ರಾಂ ಗೆದ್ದುಬಿಡ್ತು. ನನ್ನದರಲ್ಲಿ ಒಂದಕ್ಷರವೂ ಬದಲಾಗಿಲ್ಲ."

ನನ್ನ ಮುಖ ನೋಡಿ ಕನ್ನಡಕದಮ್ಮ ಬಿಡಿಸಿ ಹೇಳಿದರು. "ಹಳೇದು ನಿನ್ನ ಹಾಗೆ ಕಣಯ್ಯ. ಬಂದವರನ್ನೆಲ್ಲ 'ಪತ್ರವಾ? ಪುಸ್ತಕವಾ? ಪೆಟ್ಟಿಗೆಯಾ?' ಅಂತ ಬಗೆ ಕೇಳಿ ದಾರಿ ತೋರಿಸುತ್ತೆ. ಒಟ್ಟು ಒಂಬತ್ತು ಪ್ರಶ್ನೆ. ಇವಳದು ಏನೂ ಕೇಳಲ್ಲ, ತನ್ನ ದಾರಿ ಗೊತ್ತಿರೋ ಪಾರ್ಸಲ್‌ಗೇ 'ನಿನ್ನ ಕೆಲಸ ಮಾಡ್ಕೋ' ಅಂತ ಒಂದು ಕರೆ ಕೊಟ್ಟು ಸುಮ್ಮನಾಗುತ್ತೆ. ಆ ಕರೆಗೆ ಒಂದು ಪ್ರಶ್ನೆಗಿಂತ ತುಸು ಹೆಚ್ಚು ಹೊತ್ತು ಬೇಕು, ಒಂಬತ್ತಕ್ಕಿಂತ ಬಹಳ ಕಡಿಮೆ."

"ಬಂದವರೆಲ್ಲ ಮೊದಲ ಪ್ರಶ್ನೆಗೇ ಹೌದು ಅಂದ್ಬಿಟ್ರೆ? ಉಳಿದ ಎಂಟು ಕೇಳೋದೇ ಬೇಡವಲ್ಲ?" ಎಂದೆ ನಾನು.

ಕನ್ನಡಕದಮ್ಮನ ಕಾಫಿ ಲೋಟ ಬಾಯಿಯ ಹತ್ತಿರವೇ ನಿಂತಿತು. "ಇವತ್ತಿನ ಪರೀಕ್ಷೆಗೆ ಕೊಟ್ಟ ಪಾರ್ಸಲ್‌ಗಳ ಪಟ್ಟಿ ತಗೊಂಡು ಬಾ."

ಪ್ರಿಂಟರ್ ಪಕ್ಕ ಬಿದ್ದಿದ್ದ ಹಾಳೆ ತಂದೆ. ಮೇಲಿನಿಂದ ಕೆಳಗಿನವರೆಗೆ ಒಂದೇ ಮಾತು: ಗಾಜಿನ ಸಾಮಾನು. ನಿನ್ನೆಯದರಲ್ಲಿ ಎಲ್ಲ ಬಗೆಗಳೂ ಬೆರೆತಿದ್ದವಂತೆ. ಪಟ್ಟಿ ಬದಲಿಸಲು ಮ್ಯಾನೇಜರ್ ಮತ್ತು ಹಿರಿಯಣ್ಣ ಇಬ್ಬರಿಂದಲೇ ಸಾಧ್ಯ. ಹೊಸದು ಬೇಡವೆಂದು ಮ್ಯಾನೇಜರ್ ಮೊದಲಿನಿಂದಲೂ ಗೊಣಗುತ್ತಿದ್ದರು.

"ಆದ್ರೆ ಕಚೇರಿ ಗೋಡೆಯ ಪ್ರಶ್ನೆಗಳ ಚಾರ್ಟಿನಲ್ಲಿ ಪತ್ರ ಮೊದಲು, ಗಾಜು ಕಟ್ಟಕಡೇದು. ಬರೀ ಗಾಜು ಕೊಟ್ರೆ ಹಳೇದು ಸೋಲಬೇಕಿತ್ತಲ್ಲ?" ಎಂದಳು ಚುರುಕಿ.

ನನಗೆ ಹೋದ ತಿಂಗಳದು ನೆನಪಾಯಿತು. "ಗಾಜು ಒಡೀತಿದೆ ಅಂತ ದೂರು ಬಂದಾಗ ಹಿರಿಯಣ್ಣ ಮೂರು ದಿನ ಕುರ್ಚಿ ಬಿಟ್ಟು ಎದ್ದಿರಲಿಲ್ಲ."

ಕನ್ನಡಕದಮ್ಮ ಚಪ್ಪಲಿ ಮೆಟ್ಟಿದರು.

ಮಧ್ಯಾಹ್ನ ಮೀಟಿಂಗ್ ಮೇಜಿನ ಸುತ್ತ ಎಲ್ಲರೂ ಕೂತಾಗ ಅವರು ಮ್ಯಾನೇಜರನ್ನು ಕೇಳಿದರು. "ಹಳೇ ಪ್ರೋಗ್ರಾಂ ಮೊದಲು ಏನು ಕೇಳುತ್ತೆ?"

"ಪತ್ರವಾ ಅಂತ. ಚಾರ್ಟಲ್ಲೇ ಇದೆಯಲ್ಲ!"

"ನೀವು ಮೋಸ ಮಾಡಿದ್ರೆ ಪಟ್ಟಿ ತುಂಬ ಪತ್ರ ಇರ್ತಿತ್ತು." ಅವರು ಪ್ರೋಗ್ರಾಂ ತೆರೆದು ತೋರಿಸಿದರು. ಮೊದಲ ಪ್ರಶ್ನೆಯೇ ಗಾಜು. "ಗಾಜೂ ಪೆಟ್ಟಿಗೇಲೇ ಬರುತ್ತೆ. 'ಪೆಟ್ಟಿಗೆಯಾ?' ಅಂದಾಗಲೇ ಹೌದು ಅಂದು, ಗಟ್ಟಿ ಸಾಮಾನಿನ ಜೊತೆ ಹೋಗಿ ಒಡೀತಿತ್ತು. ಅದಕ್ಕೇ ಅದನ್ನ ಎಲ್ಲದಕ್ಕಿಂತ ಮುಂದೆ ತಂದಿದ್ದಾರೆ. ಚಾರ್ಟ್ ತಿದ್ದಿಲ್ಲ. ಇದು ಗೊತ್ತಿದ್ದದ್ದು ಮುಂದೆ ತಂದವರೊಬ್ಬರಿಗೇ."

ಹಿರಿಯಣ್ಣ ತಲೆ ಎತ್ತಲಿಲ್ಲ. "ಹದಿನೈದು ವರ್ಷ ಆ ಪ್ರಶ್ನೆಗಳನ್ನ ಸಾಕ್ಕೊಂಡು ಬಂದೆ. ಇವಳು ಬಂದು ಪ್ರಶ್ನೆಯೇ ಬೇಡ ಅಂದ್ಳು."

ಎಲ್ಲ ಬಗೆ ಬೆರೆತ ಪಟ್ಟಿಯನ್ನು ಮತ್ತೆ ಓಡಿಸಿದರು. ಚುರುಕಿಯದು ಗೆದ್ದಿತು.

"ಬರೀ ಗಾಜು ಬಂದ್ರೆ ನಿಮ್ಮದೇ ವೇಗ, ಅದು ಸುಳ್ಳಲ್ಲ," ಎಂದರು ಕನ್ನಡಕದಮ್ಮ ಹಿರಿಯಣ್ಣನಿಗೆ ಮೆತ್ತಗೆ. "ಆದ್ರೆ ದಿನಾ ಬರೀ ಗಾಜು ಬರಲ್ವಲ್ಲಪ್ಪ."

ಹಿರಿಯಣ್ಣನನ್ನು ಕೆಲಸದಲ್ಲಿ ಇಟ್ಟುಕೊಳ್ಳುವುದೋ ಕಳಿಸುವುದೋ ಎಂದು ಮ್ಯಾನೇಜರ್ ಚುರುಕಿಯನ್ನೇ ಕೇಳಿದರು. ಅವಳು ಮೂಗು ಉಜ್ಜಿಕೊಂಡಳು. "ಗಾಜು ಎಲ್ಲಿ ಒಡೆಯುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ. ಅಣ್ಣ ನನ್ನ ಪಕ್ಕ ಕೂರಲಿ."

ಮರುದಿನ ಬೆಳಿಗ್ಗೆ ಹಿರಿಯಣ್ಣ ಬಾಗಿಲಲ್ಲಿ ನಿಂತೇ ಇದ್ದರು, ನಾನೇನೋ ಕೇಳುತ್ತೇನೆಂಬಂತೆ.

ನಾನು ಏನೂ ಕೇಳಲಿಲ್ಲ. "ನಿಮ್ಮ ಕೆಲಸ ಮಾಡ್ಕೊಳ್ಳಿ ಅಣ್ಣಾ," ಎಂದು ಬಾಗಿಲು ತೆರೆದೆ.