ಹಿಂದಿನ ಚಕ್ರದ ಜಾಡು

"ರೀ, ನಿಮಗೆ ನಾಚಿಕೆ ಆಗಲ್ವಾ?"

ಮಾದಾಪುರದ ಟೀ ಅಂಗಡಿಯಿಂದ ಹೊರಬಂದ ವೀಣಾ ಮೆಟ್ಟಿಲ ಮೇಲೇ ನಿಂತುಬಿಟ್ಟಳು.

ಅವಳ ಬೈಕಿನ ಹಿಂದಿನ ಚಕ್ರದ ಪಕ್ಕ ನರೆಗಡ್ಡದ ಗಂಡಸೊಬ್ಬ ಕುಕ್ಕರಗಾಲಿನಲ್ಲಿ ಕೂತು, ಬೀಗದ ಕೈಯ ತುದಿಯಿಂದ ವಾಲ್ವ್ ಒತ್ತಿ ಹಿಡಿದಿದ್ದ. ಗಾಳಿ ಸುಯ್ಯೆಂದು ಹೋಗುತ್ತಿತ್ತು.

ಅವನು ತಲೆಯನ್ನೂ ಎತ್ತಲಿಲ್ಲ. "ಒಂದ್ನಿಮಿಷ ಸಿಸ್ಟ್ರೆ. ಇನ್ನೆರಡು ಪಾಯಿಂಟ್ ಇಳೀಲಿ."

"ಯಾರನ್ನ ಕೇಳಿ ನನ್ನ ಗಾಡಿ ಮುಟ್ಟಿದ್ರಿ? ಹೆಂಗಸು ಬೈಕ್ ಓಡಿಸಿದ್ರೆ ನಿಮಗೇನು ಹೊಟ್ಟೆಯುರಿ?"

"ಹೋದ ಭಾನುವಾರ ಆನೆಬೆನ್ನು ಬಂಡೆ ಹತ್ರ ಮೂರು ಸಲ ಜಾರಿದ್ದು ನೀವೇ ತಾನೇ? ಕೆಳಗಿನ ತೋಟದಲ್ಲಿದ್ದೆ, ಚಕ್ರ ಸುಮ್ಮನೆ ತಿರುಗೋ ಸದ್ದು ಕೇಳ್ತು. ಟಯರ್ ಇಷ್ಟು ಗಟ್ಟಿ ಇದ್ರೆ ಬಂಡೆ ಹಿಡಿಯಲ್ಲ. ಸ್ವಲ್ಪ ಮೆತ್ತಗಾಗ್ಬೇಕು."

ಮೆತ್ತಗಾಗಬೇಕಂತೆ... ಟಯರಿಗೆ ಹೇಳಿದನೋ, ತನಗೋ? ವೀಣಾ ಗಾಡಿಯ ಕಿಕ್ ಒದ್ದು ಹೊರಟಳು.

ಆ ದಿನ ಅವಳು ಜಾರಿದ್ದು ಒಂದೇ ಸಲ. ಅದೇ ಅವಳ ಸಿಟ್ಟಿಗೆ ಇನ್ನೊಂದು ಕಾರಣವಾಯಿತು.

ವೀಣಾಗೆ ಅರವತ್ತೊಂದು. ಗಂಡ ತೀರಿ ಇಪ್ಪತ್ತು ವರ್ಷ. ಆರೋಗ್ಯ ಉಪಕೇಂದ್ರದ ಸಿಸ್ಟರ್ ಆಗಿ, ಮೊಪೆಡ್ಡಿನಲ್ಲಿ ಲಸಿಕೆ ಡಬ್ಬ ಕಟ್ಟಿಕೊಂಡು, ಎಸ್ಟೇಟಿನ ಕೂಲಿಯವರ ಲೈನ್ ಮನೆಗಳನ್ನೆಲ್ಲ ಸುತ್ತಿದವಳು. ಆನೆಬೆನ್ನು ಅನ್ನುವ ಆ ಬಂಡೆಯ ಬುಡಕ್ಕೆ ಬಂದರೆ ಮೊಪೆಡ್ ಕೈಮುಗಿಯುತ್ತಿತ್ತು. ಅಲ್ಲಿಂದಾಚೆ ಡಬ್ಬ ಹೊತ್ತು ನಡಿಗೆ. ಒಂದಲ್ಲ ಒಂದು ದಿನ ಇದನ್ನು ಗಾಡಿಯಲ್ಲೇ ಹತ್ತುತ್ತೇನೆ ಎಂದು ಮೂವತ್ತು ವರ್ಷ ಮನಸ್ಸಿನಲ್ಲೇ ಅಂದುಕೊಂಡಿದ್ದಳು.

ನಿವೃತ್ತಿಯಾದ ತಿಂಗಳೇ, ಮುಚ್ಚಿಹೋದ ಹೋಂಸ್ಟೇಯವರಿಂದ ಗುಡ್ಡ ಹತ್ತುವ ಹಳೆಯ ಡರ್ಟ್ ಬೈಕ್ ಕೊಂಡಳು. ಕುಶಾಲನಗರದ ಮನೆಯಲ್ಲಿ ಜೊತೆಗಿರುವ ಮಗಳು ಹರ್ಷಿತಾ ಎರಡು ದಿನ ಮಾತು ಬಿಟ್ಟಿದ್ದಳು.

ಮುಂದಿನ ಭಾನುವಾರ ವೀಣಾ ಟೀ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ತಾನೇ ಬೀಗದ ಕೈ ಅವನತ್ತ ಚಾಚಿದಳು.

"ಎಷ್ಟು ಪಾಯಿಂಟ್ ಅಂದ್ರಿ?"

ಅವನ ಹೆಸರು ಅಶ್ವಥ್. ಎಸ್ಟೇಟಿನ ಗ್ಯಾರೇಜಿನಲ್ಲಿ ಜೀಪು, ಸ್ಪ್ರೇಯರ್ ರಿಪೇರಿ ಮಾಡಿ ಮುದುಕನಾದವನು. ಹೆಂಡತಿ ಹೋದ ಮೇಲೆ ಒಂಟಿ. ಅರವತ್ತನಾಲ್ಕರಲ್ಲೂ ತಾನೇ ಜೋಡಿಸಿದ ಬೈಕ್ ಇಟ್ಟುಕೊಂಡಿದ್ದ.

ಅಲ್ಲಿಂದ ಎಂಟು ಭಾನುವಾರ ಇಬ್ಬರೂ ಜೊತೆಗೇ ಹೋದರು. ಕಾಫಿ ತೋಟದ ಅಂಚಿನಲ್ಲಿ, ಜೀಪೂ ಬಿಟ್ಟ ಹಳೇ ದಾರಿಯಲ್ಲಿ. ಯಾವಾಗಲೂ ಅವಳು ಮುಂದೆ, ಅವನು ಹಿಂದೆ. ಆನೆಬೆನ್ನಿನ ನೆತ್ತಿ ಮಾತ್ರ ಇನ್ನೂ ಸಿಕ್ಕಿರಲಿಲ್ಲ.

"ನೀವೇ ಮುಂದೆ ಹೋಗ್ರಿ, ದಾರಿ ಗೊತ್ತಿರೋರು."

"ಬೇಡ ಸಿಸ್ಟ್ರೆ. ನಿಮ್ಮ ಗಾಡಿ ಹೊಗೆ ಕುಡೀದಿದ್ರೆ ನನಗೆ ತಿಂಡಿ ಕರಗಲ್ಲ."

ವೀಣಾ ಹೆಲ್ಮೆಟ್ಟಿನೊಳಗೆ ನಕ್ಕಿದ್ದಳು. ಯಾರೋ ತನ್ನನ್ನು ಮುಂದೆ ಬಿಟ್ಟು, ತನ್ನ ದಾರಿಯನ್ನು ನಂಬಿ ಬರುತ್ತಿದ್ದಾರೆ... ಶನಿವಾರ ಸಂಜೆಯೇ ಬೂಟು ಒರೆಸಿಡುವ ಅಭ್ಯಾಸ ಯಾವಾಗ ಶುರುವಾಯಿತೋ ಅವಳಿಗೇ ತಿಳಿಯಲಿಲ್ಲ.

ಒಂಬತ್ತನೇ ಭಾನುವಾರದ ಬೆಳಿಗ್ಗೆ ಹರ್ಷಿತಾ ರೊಟ್ಟಿ ತಟ್ಟುತ್ತಾ ಅಂದಳು, "ನಾನೀಗ ಹೆದರಲ್ಲಮ್ಮ. ಅಶ್ವಥ್ ಅಂಕಲ್ ಹಿಂದೆ ಇರ್ತಾರಲ್ಲ. ನಾನೇ ಫೋನ್ ಮಾಡಿ ಹೇಳಿದ್ದೆ, ಅಮ್ಮನ ಹಿಂದೇನೇ ಇರಿ, ಬಿದ್ರೆ ನೋಡ್ಕೊಳ್ಳಿ ಅಂತ. ಹ್ಞೂಂ ಅಂದ್ರು."

ವೀಣಾ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

ಓಹೋ... ಕಾವಲು. ಎಂಟು ಭಾನುವಾರವೂ ಮುದುಕಿಯೊಬ್ಬಳಿಗೆ ಕಾವಲು!

ಆ ದಿನ ಟೀ ಅಂಗಡಿಯ ಮುಂದೆ ಅವಳು ನಿಲ್ಲಲಿಲ್ಲ. ಬೆಂಚಿನಲ್ಲಿದ್ದ ಅಶ್ವಥ್ ಎದ್ದು ಕೈ ಎತ್ತಿದ್ದನ್ನು ಕಂಡೂ ಕಾಣದ ಹಾಗೆ ಗುಡ್ಡದ ದಾರಿ ಹಿಡಿದಳು.

ಸಿಟ್ಟಿನಲ್ಲಿ ಟಯರಿನ ಗಾಳಿ ಇಳಿಸುವುದು ಮರೆತಿತ್ತು. ಆನೆಬೆನ್ನಿನ ನಡುವಿಗೆ ಬರುತ್ತಲೇ ಹಿಂದಿನ ಚಕ್ರ ಗಿರ್ರೆಂದು ತಿರುಗಿ, ಗಾಡಿ ಮೆಲ್ಲಗೆ ಮಗ್ಗುಲಾಯಿತು. ವೀಣಾ ಪಾಚಿಯ ಮೇಲೆ ಕೂತಳು. ಪೆಟ್ಟಾಗಿರಲಿಲ್ಲ. ಆದರೂ ಕಣ್ಣು ತುಂಬಿಕೊಂಡಿತು.

ಕೆಳಗೆ ಅವನ ಬೈಕಿನ ಸದ್ದು. ಬಂತು, ನಿಂತಿತು. ಮತ್ತೆ ಶುರುವಾಯಿತು, ಮತ್ತೆ ನಿಂತಿತು.

ಯಾಕೆ ಬರುತ್ತಿಲ್ಲ?

ಕಾದೂ ಕಾದು ಅವಳೇ ಇಳಿದು ಹೋದಳು. ತಿರುವಿನಲ್ಲಿ ಅಶ್ವಥ್ ಹ್ಯಾಂಡಲ್ ಹಿಡಿದು ನೆಲವನ್ನೇ ದಿಟ್ಟಿಸುತ್ತಿದ್ದ. ಮುಂದೆ ಬಿಸಿಲು, ಸಿಲ್ವರ್ ಓಕ್ ಮರಗಳ ನೆರಳು.

"ಕಾವಲುಗಾರರು ಇಲ್ಲೇ ನಿಂತ್ರಾ? ಅಲ್ಲಿ ನಾನು ಬಿದ್ದಾಯ್ತು."

"ಪೆಟ್ಟಾಯ್ತಾ?" ಅವನು ಥಟ್ಟನೆ ತಲೆ ಎತ್ತಿದ.

"ನನ್ನ ಮಗಳಿಗೆ ಹ್ಞೂಂ ಅಂದ್ರಂತೆ."

ಅಶ್ವಥ್ ಗಾಡಿಗೆ ಸ್ಟ್ಯಾಂಡ್ ಹಾಕಿ ಬೀಗದ ಕೈ ಎಳೆದುಕೊಂಡ. "ಅಂದೆ. ಇಲ್ಲಮ್ಮ, ನಿಮ್ಮಮ್ಮನೇ ನನ್ನ ನೋಡ್ಕೊಳ್ತಿರೋದು ಅಂತ ಅವಳಿಗೆ ಹೇಳೋಕೆ ನಾಚಿಕೆ ಆಯ್ತು."

"ಏನು?"

"ಎಡಗಣ್ಣು ಎರಡು ವರ್ಷದಿಂದ ಕಾಣಲ್ಲ ಸಿಸ್ಟ್ರೆ. ಒಂದೇ ಕಣ್ಣಿಗೆ ಹಳ್ಳ ಯಾವುದು, ನೆರಳು ಯಾವುದು ಗೊತ್ತಾಗಲ್ಲ. ಗುಡ್ಡ ಬಿಟ್ಟೇಬಿಟ್ಟಿದ್ದೆ. ಆಮೇಲೆ ನೀವು ಬಂದ್ರಿ."

"ಮತ್ತೆ ಎಂಟು ವಾರ ಹೇಗೆ ಹತ್ತಿದ್ರಿ?"

"ನಿಮ್ಮ ಹಿಂದಿನ ಚಕ್ರ ನೋಡ್ಕೊಂಡು. ಅದು ಇಳಿದ್ರೆ ಹಳ್ಳ, ಇಳೀದಿದ್ರೆ ನೆರಳು."

ವೀಣಾ ತಾನು ಇಳಿದು ಬಂದ ದಾರಿಯತ್ತ ತಿರುಗಿ ನೋಡಿದಳು. ತಾನು ಹೆದರುತ್ತಾ ಹುಡುಕಿದ ಒಂದೊಂದು ಅಡಿಯನ್ನೂ ಈ ಮನುಷ್ಯ ನಂಬಿ ಬಂದಿದ್ದಾನೆ...

ಅವಳು ಅವನ ಕೈಯಿಂದ ಬೀಗದ ಕೈ ಕಿತ್ತುಕೊಂಡು, ಅವನ ಗಾಡಿಯ ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು.

"ನಂದು ಸರಿಯಾಗೇ ಇದೆ," ಅಂದ ಅಶ್ವಥ್.

"ಎರಡು ಪಾಯಿಂಟ್ ಜಾಸ್ತಿ ಇದೆ. ಸುಮ್ಮನಿರಿ. ಸ್ವಲ್ಪ ಮೆತ್ತಗಾಗ್ಬೇಕು."

ಬಿದ್ದ ಗಾಡಿಯನ್ನು ಇಬ್ಬರೂ ಸೇರಿ ಎತ್ತಿ ಬಂಡೆಯ ಬುಡಕ್ಕೆ ಇಳಿಸಿದರು. ಅದರ ಗಾಳಿಯೂ ಇಳಿಯಿತು. ವೀಣಾ ಮುಂದೆ ಹೊರಟಳು. ನಡುವಿನಲ್ಲಿ ಚಕ್ರ ಒಮ್ಮೆ ತಡವರಿಸಿತು, ಆಮೇಲೆ ಬಂಡೆಯನ್ನು ಗಟ್ಟಿಯಾಗಿ ಕಚ್ಚಿ ಹಿಡಿಯಿತು. ಆಕಾಶ ಬಿಟ್ಟರೆ ಮುಂದೆ ಏನೂ ಕಾಣಲಿಲ್ಲ... ಆನೆಬೆನ್ನು ಹತ್ತಿಯಾಗಿತ್ತು!

ಹಿಂದೆಯೇ ಅವನೂ ಬಂದ, ಅವಳು ಬಂದಲ್ಲೇ, ಒಂದು ಗೇಣೂ ಆಚೀಚೆ ಆಗದೆ.

ನೆತ್ತಿಯ ಗಾಳಿಯಲ್ಲಿ ಇಬ್ಬರೂ ಏದುಸಿರು ಬಿಡುತ್ತಾ ಮಕ್ಕಳ ಹಾಗೆ ನಕ್ಕರು.

"ಇನ್ನೊಂದು ಕಣ್ಣಿಗೆ ಔಷಧಿ?" ಅವಳೊಳಗಿನ ಸಿಸ್ಟರ್ ಎಚ್ಚರಗೊಂಡಿದ್ದಳು.

"ಅದೂ ಹೋಗದ ಹಾಗೆ ಹನಿ ಕೊಟ್ಟಿದ್ದಾರೆ. ನಾನೇ ಹಾಕ್ಕೋತೀನಿ. ಅರ್ಧ ಕೆನ್ನೆಗೆ ಬೀಳುತ್ತೆ."

"ಇನ್ಮೇಲೆ ನಾನು ಹಾಕ್ತೀನಿ. ಬೆಳಿಗ್ಗೆ ಏಳಕ್ಕೆ, ರಾತ್ರಿ ಒಂಬತ್ತಕ್ಕೆ."

ಅಶ್ವಥ್ ಗಡ್ಡ ಕೆರೆದುಕೊಂಡ. "ರಾತ್ರಿ ಒಂಬತ್ತಕ್ಕೆ ಹಾಕಿ, ಬೆಳಿಗ್ಗೆ ಏಳಕ್ಕೆ ಮತ್ತೆ ಅಂದ್ರೆ... ದಿನಾ ಕುಶಾಲನಗರದಿಂದ ಓಡಾಡೋದು ಕಷ್ಟ ಅಲ್ವಾ ಸಿಸ್ಟ್ರೆ?"

"ಕಷ್ಟಾನೇ. ಅದಕ್ಕೊಂದು ದಾರಿ ಯೋಚನೆ ಮಾಡಿ. ಮೊದಲು ಆ ಸಿಸ್ಟ್ರೆ ಅನ್ನೋದನ್ನ ಬಿಡಿ."

ಅವನ ಕಿವಿ ಕೆಂಪಾಯಿತು.

"ವೀಣಾ..."

"ಹ್ಞೂಂ."

"ಹರ್ಷಿತಾಗೆ ಏನು ಹೇಳೋಣ?"

"ಅಮ್ಮನ ಹಿಂದೇನೇ ಇರಿ ಅಂತ ಅವಳೇ ಕೇಳಿದ್ದಳಲ್ಲ. ಇರ್ತೀನಿ ಅಂತ ಹೇಳಿ."

"ಎಷ್ಟು ದಿನ ಅಂತ ಕೇಳಿದ್ರೆ?"

ವೀಣಾ ಹೆಲ್ಮೆಟ್ ಹಾಕಿಕೊಂಡು ಗಾಡಿಯ ಕಿಕ್ ಒದ್ದಳು. ಹಿಂದೆ ತಿರುಗಿ ನೋಡಿದಾಗ ಅವಳ ಕಣ್ಣು ಮಾತ್ರ ಕಾಣುತ್ತಿತ್ತು, ಅದು ನಗುತ್ತಿತ್ತು.

"ಇಳಿಯೋ ದಾರಿ ಉದ್ದ ಇದೆ. ನನ್ನ ಚಕ್ರ ನೋಡ್ಕೊಂಡು, ನಿಧಾನಕ್ಕೆ ಯೋಚನೆ ಮಾಡ್ಕೊಂಡು ಬನ್ನಿ."